ಬೇಟೆಯ ಕರೆ ಮತ್ತು ಮರುದನಿ: ಅಮೆರಿಕದ ಕಾಡು ಟರ್ಕಿ ಬೇಟೆಯ ಗದ್ಯ, ಒಂದು ಪರಿಶೀಲನೆ

1. ಪ್ರವೇಶ

ಬೇಟೆಯ ಬಗೆಗಳನ್ನು ಹೆಸರಿಸುವಲ್ಲಿ ಹಳಗನ್ನಡ ಬಹಳ ಸೂಕ್ಷ್ಮವಾದ ಭಾಷೆ. ಮೃಗವನ್ನು ಮರುಳುಗೊಳಿಸಿ ಹತ್ತಿರಕ್ಕೆ ಸೆಳೆಯುವ ದನಿಗೆ ಅದರಲ್ಲಿ ‘ಗೋರಿ’ ಎಂಬ ಮಾತಿದೆ. ತನ್ನ ಜಾತಿಯ ಪ್ರಾಣಿಗಳನ್ನೇ ಬಲೆಯತ್ತ ಸೆಳೆಯಲೆಂದು ಪಳಗಿಸಿಟ್ಟ ಮಿಗಕ್ಕೆ ಅಥವಾ ಹಕ್ಕಿಗೆ ‘ದೀವ’ ಎಂಬ ಹೆಸರಿದೆ. ಬೆನ್ನಟ್ಟಿ ಹೊಡೆಯುವ ಬೇಟೆಯಂತೆಯೇ ಬರಮಾಡಿಕೊಂಡು ಹೊಡೆಯುವ ಬೇಟೆಯೂ ಒಂದುಂಟು ಎಂಬುದನ್ನು ಈ ಎರಡು ಪದಗಳು ಸೂಚಿಸುತ್ತವೆ. ಮೊದಲನೆಯದರಲ್ಲಿ ಬೇಟೆಗಾರನ ಕಾಲು ಮುಖ್ಯ, ಎರಡನೆಯದರಲ್ಲಿ ಅವನ ಕೊರಳು ಮುಖ್ಯ.

ಭಾರತೀಯ ನೀತಿಕಾವ್ಯಗಳಲ್ಲಿ ಈ ಎರಡನೆಯ ಬಗೆಯ ಬೇಟೆ ಒಂದು ದೃಷ್ಟಾಂತವಾಗಿ ನೆಲೆನಿಂತಿದೆ. ಐದು ಇಂದ್ರಿಯಗಳಲ್ಲಿ ಒಂದೊಂದಕ್ಕೆ ಸೋತು ಕೆಡುವ ಐದು ಜೀವಿಗಳ ಸಾಲಿನಲ್ಲಿ ಸ್ಪರ್ಶಕ್ಕೆ ಆನೆ, ರೂಪಕ್ಕೆ ಪತಂಗ, ರುಚಿಗೆ ಮೀನು, ಗಂಧಕ್ಕೆ ದುಂಬಿ, ಶಬ್ದಕ್ಕೆ ಜಿಂಕೆ ಬರುತ್ತವೆ. ಈ ದೃಷ್ಟಾಂತದಲ್ಲಿ ತಪ್ಪಿನ ಹೊರೆಯೆಲ್ಲ ಜಿಂಕೆಯ ಮೇಲಿದೆ ಎಂಬುದನ್ನು ಗಮನಿಸಬೇಕು. ಅದರ ಕಿವಿಯ ಚಾಪಲ್ಯವೇ ಅದರ ಸಾವಿಗೆ ಕಾರಣ. ಹಾಡಿದವನ ಬಗ್ಗೆ ಕವಿಗಳು ಬಹುಮಟ್ಟಿಗೆ ಮೌನ ತಾಳಿದ್ದಾರೆ. ಅವನು ಆ ಹಾಡನ್ನು ಎಲ್ಲಿ ಕಲಿತ, ಕಲಿಯುವಾಗ ಜಿಂಕೆಯ ಬಗ್ಗೆ ಏನನ್ನು ತಿಳಿದುಕೊಂಡ, ತಿಳಿದ ಮೇಲೂ ಹೇಗೆ ಬಿಲ್ಲೆತ್ತಿದ ಎಂಬ ಪ್ರಶ್ನೆಗಳು ಆ ಪರಂಪರೆಯಲ್ಲಿ ಏಳುವುದೇ ಇಲ್ಲ.

ಹಾಡಿದವನನ್ನೇ ನಡುವೆ ನಿಲ್ಲಿಸಿ ಬರೆದ ಒಂದು ಗದ್ಯ ಪರಂಪರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ಅಲ್ಲಿನ ಕಾಡು ಟರ್ಕಿ ಕೋಳಿಯನ್ನು ಕರೆದು ಹೊಡೆಯುವ ಬೇಟೆಯ ಸುತ್ತ ಸುಮಾರು ಎರಡು ಶತಮಾನಗಳಿಂದ ಬೆಳೆದುಬಂದ ಬರಹ ಅದು. ಪಕ್ಷಿಶಾಸ್ತ್ರ, ಕೈಪಿಡಿ, ಲಲಿತ ಪ್ರಬಂಧ, ಆತ್ಮಕಥನ ಎಂದು ಅದು ಹಲವು ರೂಪಗಳನ್ನು ತಾಳಿದೆ. ಮತ್ತೊಂದು ಜೀವಿಯ ಮಾತನ್ನು ಅದನ್ನು ಕೊಲ್ಲುವುದಕ್ಕಾಗಿಯೇ ಕಲಿತವನು ಆ ಕಲಿಕೆಯನ್ನು ಭಾಷೆಯಲ್ಲಿ ಹೇಗೆ ನಿಭಾಯಿಸುತ್ತಾನೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಆ ಪರಂಪರೆಯ ಕೆಲವು ಮುಖ್ಯ ಕೃತಿಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಹಕ್ಕಿ, ಅದರ ದನಿ, ಕರೆಯ ತಂತ್ರ

ಟರ್ಕಿ ಕೋಳಿ ಉತ್ತರ ಅಮೆರಿಕದ ಹಕ್ಕಿ. ಮೆಕ್ಸಿಕೋದಲ್ಲಿ ಪಳಗಿದ ಅದರ ತಳಿ 16ನೆಯ ಶತಮಾನದಲ್ಲಿ ಯೂರೋಪನ್ನು ಮುಟ್ಟಿತು. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದೊಪ್ಪಿಸಿದ ಅಪರೂಪದ ಪ್ರಾಣಿಗಳಲ್ಲಿ ಒಂದು ಟರ್ಕಿ ಕೋಳಿಯೂ ಇತ್ತು. ಅದರ ತಲೆಯ ಬಣ್ಣ ಗಳಿಗೆಗಳಿಗೆಗೂ ಬದಲಾಗುವುದನ್ನು ಕಂಡು ಬೆರಗಾದ ಜಹಾಂಗೀರ್ ಬಾದಶಹನು ಅದನ್ನು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದಿದ್ದಾನೆ. ಭಾರತದ ಓದುಗರಿಗೆ ಪರಿಚಿತವಾದುದು ಈ ಸಾಕುತಳಿ. ಕಾಡಿನ ಟರ್ಕಿಯದು ಬೇರೆಯೇ ಸ್ವಭಾವ. ಎಂಟು-ಹತ್ತು ಕಿಲೋ ತೂಗುವ ಅದರ ಹುಂಜ ರಾತ್ರಿ ಎತ್ತರದ ಮರವೇರಿ ಮಲಗುತ್ತದೆ. ಅದರ ಕಣ್ಣು, ಕಿವಿ ಎರಡೂ ಬಲು ಚುರುಕು. ಎಲೆಯೊಂದು ಅಕಾಲದಲ್ಲಿ ಅಲುಗಿದರೂ ಅದು ಮಾಯವಾಗುತ್ತದೆ.

ವಸಂತದ ನಸುಕಿನಲ್ಲಿ ಹುಂಜವು ಮರದ ಮೇಲಿನಿಂದಲೇ ಗುಡುಗುಡು ಎಂದು ಕೂಗುತ್ತದೆ. ನಿಶ್ಶಬ್ದವಾದ ಬೆಳಗಿನಲ್ಲಿ ಆ ಕೂಗು ಒಂದು ಮೈಲಿ ದೂರಕ್ಕೂ ಕೇಳಿಸೀತು. ಅದನ್ನು ಕೇಳಿದ ಹೇಂಟೆಗಳು ತಾವೇ ನಡೆದು ಅದರ ಬಳಿಗೆ ಹೋಗುತ್ತವೆ. ಹುಂಜ ಗರಿಗೆದರಿ, ರೆಕ್ಕೆ ನೆಲಕ್ಕೆ ಸವರಿ, ಬಾಲವನ್ನು ಬೀಸಣಿಗೆಯಾಗಿ ಬಿಚ್ಚಿ ನಿಂತಲ್ಲೇ ಕಾಯುತ್ತದೆ. ಪ್ರಕೃತಿಯ ಕ್ರಮ ಇದು: ಗಂಡು ಕರೆಯಬೇಕು, ಹೆಣ್ಣು ಹೋಗಬೇಕು. ಬೇಟೆಗಾರ ಮಾಡಹೊರಡುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಅವನು ಮರಕ್ಕೆ ಬೆನ್ನು ಕೊಟ್ಟು ಕುಳಿತು ಹೇಂಟೆಯ ದನಿಯಲ್ಲಿ ಕರೆದು ಹುಂಜವೇ ತನ್ನೆಡೆಗೆ ಬರುವಂತೆ ಮಾಡಬೇಕು. ಚರೆಕೋವಿಯ ಗುರಿಯೊಳಗೆ, ಎಂದರೆ ಮೂವತ್ತು-ನಲವತ್ತು ಗಜದೊಳಗೆ, ಬರುವಂತೆ ಮಾಡಬೇಕು. ಆದ್ದರಿಂದ ಈ ವಿದ್ಯೆಯಲ್ಲಿ ಅನುಕರಣೆ ಅರ್ಧ ಮಾತ್ರ, ಉಳಿದರ್ಧ ಮನವೊಲಿಕೆ. ಹುಂಜಕ್ಕೆ ‘ಇಲ್ಲಿ ಹೇಂಟೆ ಇದೆ’ ಎಂದು ನಂಬಿಸಿದರೆ ಸಾಲದು, ‘ಆ ಹೇಂಟೆ ತಾನಾಗಿ ಬರಲಾರದು, ನೀನೇ ಹೋಗಬೇಕು’ ಎಂದೂ ನಂಬಿಸಬೇಕು.

ಹೇಂಟೆಯ ಮಾತು ಒಂದೇ ಬಗೆಯದಲ್ಲ. ‘ಯೆಲ್ಪ್’ ಎಂಬ ಲಯಬದ್ಧ ಕರೆ, ಮರದ ಮೇಲೆ ಎಚ್ಚರವಾದಾಗ ಅದರದೇ ಮೆಲುದನಿಯ ರೂಪ, ‘ಕ್ಲಕ್’ ಎಂಬ ಗಿಡ್ಡ ನುಡಿ, ಮೇಯುವಾಗಿನ ಸಂತೃಪ್ತ ಗುರುಗುಟ್ಟು, ಮರದಿಂದ ನೆಲಕ್ಕೆ ಹಾರುವಾಗಿನ ಕೇಕೆ, ಶರತ್ಕಾಲದಲ್ಲಿ ಗುಂಪಿನಿಂದ ಚೆದುರಿದ ಎಳೆಯ ಹಕ್ಕಿಗಳ ‘ಕೀ-ಕೀ’ ಎಂಬ ಸಿಳ್ಳು, ಅಪಾಯವನ್ನು ಕಂಡಾಗಿನ ‘ಪಟ್’ ಎಂಬ ಒಂಟಿ ಸದ್ದು, ಇವೆಲ್ಲವೂ ಬೇಟೆಗಾರನಿಗೆ ತಿಳಿದಿರಬೇಕು. ‘ಕ್ಲಕ್’ಗೂ ‘ಪಟ್’ಗೂ ಇರುವ ಅಂತರ ಕೂದಲೆಳೆಯಷ್ಟು. ಒಂದು ‘ಬಾ’ ಎನ್ನುತ್ತದೆ, ಇನ್ನೊಂದು ‘ಓಡು’ ಎನ್ನುತ್ತದೆ. ಉಚ್ಚಾರಣೆ ತುಸು ಒರಟಾದರೆ ಅರ್ಥವೇ ತಿರುಗುಮುರುಗಾಗುತ್ತದೆ.

ಈ ದನಿಗಳನ್ನು ಹೊರಡಿಸುವ ಉಪಕರಣಗಳಲ್ಲಿ ಬಹು ಹಳೆಯದು ರೆಕ್ಕೆಯ ಮೂಳೆ. ಟರ್ಕಿಯ ರೆಕ್ಕೆಯ ಟೊಳ್ಳು ಮೂಳೆಗಳನ್ನು ಒಂದರೊಳಗೊಂದು ಜೋಡಿಸಿ ತುಟಿಗಿಟ್ಟು ಉಸಿರನ್ನು ಒಳಕ್ಕೆ ಎಳೆದರೆ ಹೇಂಟೆಯ ದನಿ ಹೊಮ್ಮುತ್ತದೆ. ಮುಂದೆ ಮರದ ಪೆಟ್ಟಿಗೆ ಬಂತು. ತೆಳುಗೋಡೆಯ ಪೆಟ್ಟಿಗೆಯ ಅಂಚಿಗೆ ಸೀಮೆಸುಣ್ಣ ಸವರಿದ ಮುಚ್ಚಳವನ್ನು ಉಜ್ಜಿ ಸದ್ದು ಮಾಡುವ ಈ ಸಾಧನಕ್ಕೆ ಆರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ. ಸ್ಲೇಟುಕಲ್ಲಿನ ಮೇಲೆ ಕಡ್ಡಿ ಉಜ್ಜುವ ಬಗೆ ಮತ್ತೊಂದು. ಕುದುರೆಲಾಳದ ಆಕಾರದ ಚೌಕಟ್ಟಿಗೆ ತೆಳುವಾದ ರಬ್ಬರು ಪೊರೆ ಬಿಗಿದು ಅಂಗುಳಿಗೆ ಒತ್ತಿ ನುಡಿಸುವ ಸಾಧನ 20ನೆಯ ಶತಮಾನದಲ್ಲಿ ಬಳಕೆಗೆ ಬಂತು. ಇದರಿಂದ ಎರಡೂ ಕೈ ಕೋವಿಗೆ ಬಿಡುವಾದವು. ಧ್ವನಿಮುದ್ರಿತ ಕರೆಯನ್ನು ಯಂತ್ರದಿಂದ ಕೇಳಿಸುವುದನ್ನು ಮಾತ್ರ ಬಹುಪಾಲು ರಾಜ್ಯಗಳ ಕಾನೂನು ನಿಷೇಧಿಸಿದೆ. ವಂಚನೆಗೆ ಅನುಮತಿ ಇದೆ, ಆದರೆ ಅದನ್ನು ಬೇಟೆಗಾರ ತನ್ನ ಉಸಿರಿನಿಂದಲೋ ಕೈಯಿಂದಲೋ ತಾನೇ ಮಾಡಬೇಕು ಎಂಬ ಈ ವಿಚಿತ್ರ ನಿಯಮದ ಹಿಂದೆ ಒಂದು ನೈತಿಕ ಕಲ್ಪನೆ ಅಡಗಿದೆ. ಮುಂದೆ ಪರಿಶೀಲಿಸಲಾಗುವ ಕೃತಿಗಳಲ್ಲಿ ಬೆಳೆದುಬಂದಿರುವುದು ಆ ಕಲ್ಪನೆಯೇ.

3. ಆಡುಬಾನ್: ಕರೆಯೂ ಕೆಂಪು ಪಟ್ಟಿಯೂ

ಈ ಪರಂಪರೆಯ ಮೊದಲ ದೊಡ್ಡ ಹೆಸರು ಜಾನ್ ಜೇಮ್ಸ್ ಆಡುಬಾನ್. 1827ರಿಂದ 1838ರವರೆಗೆ ಪ್ರಕಟವಾದ ಅವನ ಅಮೆರಿಕದ ಹಕ್ಕಿಗಳ ಮಹಾ ಚಿತ್ರಸಂಪುಟದ ಮೊದಲ ಚಿತ್ರವೇ ಕಾಡು ಟರ್ಕಿಯದು. 1831ರಲ್ಲಿ ಹೊರಬಂದ ‘ಆರ್ನಿಥಾಲಾಜಿಕಲ್ ಬಯಾಗ್ರಫಿ’ಯ ಮೊದಲ ಸಂಪುಟದಲ್ಲಿ ಆ ಹಕ್ಕಿಯ ಬಗ್ಗೆ ದೀರ್ಘವಾದ ಬರಹವಿದೆ. ರೆಕ್ಕೆಮೂಳೆಯಿಂದ ಗಾಳಿ ಎಳೆದು ಹೇಂಟೆಯ ದನಿ ಹೊರಡಿಸುವ ಕ್ರಮವನ್ನು ಅವನು ಅಲ್ಲಿ ವರ್ಣಿಸುತ್ತಾನೆ; ಗೂಬೆಯ ಕೂಗನ್ನು ಅನುಕರಿಸಿ ಹುಂಜ ಯಾವ ಮರದ ಮೇಲಿದೆ ಎಂಬುದನ್ನು ಪತ್ತೆ ಹಚ್ಚುವ ಉಪಾಯವನ್ನೂ ಹೇಳುತ್ತಾನೆ. ಮೋಸದ ದನಿಯನ್ನು ಟರ್ಕಿಗಳು ಬಲುಬೇಗ ಗುರುತಿಸುತ್ತವೆ. ಎಷ್ಟೋ ಹುಂಜಗಳು ಕರೆಗೆ ಓಗೊಟ್ಟರೂ ನಿಂತ ನೆಲ ಬಿಟ್ಟು ಕದಲುವುದಿಲ್ಲ ಎಂಬ ಅವನ ಮಾತು ಮುಂದಿನ ಎಲ್ಲ ಬೇಟೆ ಲೇಖಕರಿಗೂ ಮೂಲವಸ್ತುವಾಯಿತು. ಉತ್ತರ ಬರುತ್ತದೆ, ಉತ್ತರಿಸಿದವನು ಬರುವುದಿಲ್ಲ. ಮುಂದಿನವರ ಬರಹದ ತಳಮಳವೆಲ್ಲ ಈ ಅಂತರದಲ್ಲಿ ಹುಟ್ಟಿದ್ದು.

ಅದೇ ಲೇಖನದಲ್ಲಿ ಮತ್ತೊಂದು ಪ್ರಸಂಗವಿದೆ. ಕೆಂಟಕಿಯ ಹೆಂಡರ್ಸನ್‌ನಲ್ಲಿದ್ದಾಗ ಆಡುಬಾನ್ ಒಂದು ಕಾಡು ಟರ್ಕಿಯನ್ನು ಎಳೆಯ ಮರಿಯಿಂದ ಸಾಕಿದ್ದ. ಅದು ಊರವರಿಗೆಲ್ಲ ಅಚ್ಚುಮೆಚ್ಚಾಗಿತ್ತು. ಬೆಳೆದ ಮೇಲೆ ಒಂದು ದಿನ ಅದು ಕಾಡಿಗೆ ಹೋದದ್ದು ಮರಳಲಿಲ್ಲ. ಕೆಲವು ದಿನಗಳ ನಂತರ ಬೇಟೆಗೆ ಹೋದ ಅವನು ದೂರದಲ್ಲಿ ಒಂದು ದೊಡ್ಡ ಹುಂಜವನ್ನು ಕಂಡು ನಾಯಿಯನ್ನು ಛೂ ಬಿಟ್ಟ. ಹುಂಜ ಓಡಲಿಲ್ಲ. ಹತ್ತಿರ ಹೋದ ನಾಯಿಯೂ ಅದನ್ನು ಹಿಡಿಯದೆ ನಿಂತು ಒಡೆಯನತ್ತ ತಿರುಗಿ ನೋಡಿತು. ಅದು ಅವನದೇ ಹಕ್ಕಿ. ನಾಯಿ ಮೊದಲು ಗುರುತಿಸಿತ್ತು, ಮನುಷ್ಯ ಆಮೇಲೆ ಗುರುತಿಸಿದ. ಕೊನೆಗೊಂದು ದಿನ ಯಾರೋ ಅದನ್ನು ಕಾಡಿನ ಹಕ್ಕಿಯೆಂದೇ ಭಾವಿಸಿ ಹೊಡೆದರು. ಕೊರಳಲ್ಲಿದ್ದ ಕೆಂಪು ಪಟ್ಟಿಯಿಂದ ಗುರುತು ಹತ್ತಿ ಅದರ ಶವ ಆಡುಬಾನನ ಕೈ ಸೇರಿತು.

ವಿಮರ್ಶೆಯ ದೃಷ್ಟಿಯಿಂದ ಈ ಎರಡು ಭಾಗಗಳು ಒಂದೇ ಲೇಖನದಲ್ಲಿರುವುದು ಮಹತ್ವದ ಸಂಗತಿ. ಒಂದರಲ್ಲಿ ಟರ್ಕಿ ಒಂದು ಜಾತಿ, ಇನ್ನೊಂದರಲ್ಲಿ ಅದು ಒಂದು ಜೀವ. ಜಾತಿಯನ್ನು ಮೂಳೆಯ ದನಿಯಿಂದ ಕರೆದು ಹೊಡೆಯಬಹುದು, ಜೀವಕ್ಕೆ ಪಟ್ಟಿ ಕಟ್ಟಬೇಕಾಗುತ್ತದೆ. ಆಡುಬಾನ್ ಇವೆರಡನ್ನೂ ಮುಖಾಮುಖಿಯಾಗಿಸುವುದಿಲ್ಲ. ಅವನ ಗದ್ಯ ಒಂದರಿಂದ ಇನ್ನೊಂದಕ್ಕೆ ಯಾವ ಸಂಕೋಚವೂ ಇಲ್ಲದೆ ಸಾಗುತ್ತದೆ. ಅವನು ಬಿಟ್ಟುಹೋದ ಈ ಬಿರುಕನ್ನು ಮುಂದಿನವರು ಮುಚ್ಚಿದ್ದಾರೆ ಅಥವಾ ತೆರೆದಿದ್ದಾರೆ. ಅದರ ಮೇಲೆ ಅವರ ಕೃತಿಗಳ ಬೆಲೆ ನಿಂತಿದೆ.

4. ಜೋರ್ಡನ್ ಮತ್ತು ಮೆಕಿಲೆನ್ನಿ: ಕೈಪಿಡಿಯ ಶಿಸ್ತು

1914ರಲ್ಲಿ ಎಡ್ವರ್ಡ್ ಮೆಕಿಲೆನ್ನಿಯ ಹೆಸರಿನಲ್ಲಿ ಪ್ರಕಟವಾದ ‘ದಿ ವೈಲ್ಡ್ ಟರ್ಕಿ ಅಂಡ್ ಇಟ್ಸ್ ಹಂಟಿಂಗ್’ ಈ ವಿದ್ಯೆಯ ಮೊದಲ ಸಮಗ್ರ ಗ್ರಂಥಗಳಲ್ಲೊಂದು. ಅದರ ಬಹುಭಾಗ ವಾಸ್ತವವಾಗಿ ಚಾರ್ಲ್ಸ್ ಜೋರ್ಡನ್ ಎಂಬ ಹಳೆಯ ಬೇಟೆಗಾರನದು. ಲೂಸಿಯಾನಾದ ಒಂದು ಖಾಸಗಿ ಬೇಟೆಕಾಡಿನ ಮೇಲ್ವಿಚಾರಕನಾಗಿದ್ದ ಜೋರ್ಡನ್ 1909ರಲ್ಲಿ ಕಳ್ಳಬೇಟೆಗಾರನೊಬ್ಬನ ಗುಂಡಿಗೆ ಬಲಿಯಾದ. ಅವನ ಟಿಪ್ಪಣಿಗಳನ್ನು ಮೆಕಿಲೆನ್ನಿ ಕ್ರಮಪಡಿಸಿ ಪೂರ್ಣಗೊಳಿಸಿದ. ಜೀವಮಾನವೆಲ್ಲ ಮರೆಯಲ್ಲಿ ಕುಳಿತು ಹೊಡೆದವನು ಮರೆಯಿಂದ ಬಂದ ಗುಂಡಿಗೇ ಬಿದ್ದ ಈ ಸಂಗತಿಯಿಂದ ಗ್ರಂಥ ಯಾವ ಭಾವುಕ ತೀರ್ಮಾನವನ್ನೂ ಎಳೆಯುವುದಿಲ್ಲ. ಅದು ಆ ಗದ್ಯದ ಸ್ವಭಾವಕ್ಕೆ ಒಪ್ಪುವ ಸಂಯಮ.

ಕೃತಿಯ ಅಧ್ಯಾಯಗಳಲ್ಲಿ ಒಂದರ ಶೀರ್ಷಿಕೆ ವಿರಹಿ ಹುಂಜವನ್ನು ಕರೆಯುವುದರ ಬಗ್ಗೆ, ಇನ್ನೊಂದರದು ಉದಾಸೀನನಾದ ಎಳೆಯ ಹುಂಜದ ಬಗ್ಗೆ. ಹೀಗೆ ಹಕ್ಕಿಗೆ ನಾಯಕನ ಲಕ್ಷಣಗಳನ್ನು ಆರೋಪಿಸುವ ಶೈಲಿ ಆ ಕಾಲಕ್ಕಾಗಲೇ ರೂಢಿಯಾಗಿತ್ತು. ಆದರೆ ಶೀರ್ಷಿಕೆಗಳ ಶೃಂಗಾರವನ್ನು ದಾಟಿ ಒಳಹೊಕ್ಕರೆ ಅಲ್ಲಿರುವುದು ಕಟ್ಟುನಿಟ್ಟಾದ ಶಿಸ್ತು. ಈ ವಿದ್ಯೆಯ ಬಲ್ಲವರು ಮತ್ತೆಮತ್ತೆ ಹೇಳುವ ಮಾತೊಂದೇ: ಕಡಮೆ ಕರೆ. ಹೊಸಬ ಹುಂಜ ಕೂಗಿದೊಡನೆ ಹಿಗ್ಗಿ ಮತ್ತೆಮತ್ತೆ ಕರೆಯುತ್ತಾನೆ. ಆಗ ಹುಂಜ, ಹೇಂಟೆ ಹೇಗೂ ಬರುತ್ತಿದೆ ಎಂದುಕೊಂಡು ನಿಂತಲ್ಲೇ ನಿಲ್ಲುತ್ತದೆ. ಬಲ್ಲವನು ಎರಡು ಬಾರಿ ಕರೆದು ಸುಮ್ಮನಾಗುತ್ತಾನೆ. ಅರ್ಧ ಗಂಟೆ, ಒಂದು ಗಂಟೆ, ಕಾಲು ಜೋಮು ಹಿಡಿದು ಮುಖದ ಮೇಲೆ ಸೊಳ್ಳೆ ಕೂತರೂ ಕದಲುವುದಿಲ್ಲ. ಆ ಮೌನವೇ ಹುಂಜದ ಅನುಮಾನವನ್ನು ಕುತೂಹಲಕ್ಕೆ ತಿರುಗಿಸುತ್ತದೆ. ಮಾತಿನ ನಡುವಣ ಮೌನವೂ ಅರ್ಥವನ್ನು ಹೊರುತ್ತದೆ ಎಂಬ ಕಾವ್ಯತತ್ತ್ವವನ್ನು ಈ ಬೇಟೆಗಾರರು ಬೇರೆಯೇ ದಾರಿಯಲ್ಲಿ ಮುಟ್ಟಿದ್ದಾರೆ. ಆದರೆ ಇಲ್ಲಿ ಆ ಧ್ವನಿಯ ಸಹೃದಯನಿಗೆ ಕಾದಿರುವುದು ರಸಾನುಭವವಲ್ಲ, ಗುಂಡು. ಕೈಪಿಡಿಯ ಗದ್ಯ ಈ ವ್ಯಂಗ್ಯವನ್ನು ಎದುರಿಸದೆ ಮುಂದಕ್ಕೆ ಹೋಗುತ್ತದೆ.

ಗ್ರಂಥದ ಕೊನೆಯಲ್ಲಿ ಕ್ಯಾಮರಾದಿಂದ ಟರ್ಕಿಗಳನ್ನು ‘ಬೇಟೆಯಾಡುವ’ ಅಧ್ಯಾಯವೊಂದಿದೆ. ಅದೇ ಮರೆ, ಅದೇ ಕರೆ, ಅದೇ ಕಾಯುವಿಕೆ. ಕೊನೆಯಲ್ಲಿ ಕೋವಿಯ ಕುದುರೆಯ ಬದಲು ಕ್ಯಾಮರಾದ ಗುಂಡಿ. ತಂತ್ರವನ್ನು ಕೊಲೆಯಿಂದ ಬೇರ್ಪಡಿಸಬಹುದು ಎಂಬ ಅರಿವು 1914ರಷ್ಟು ಹಿಂದೆಯೇ ಈ ಪರಂಪರೆಯೊಳಗೆ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಹಾಗಿದ್ದೂ ಮುಂದಿನ ಅರ್ಧ ಶತಮಾನದ ಬರಹ ಈ ದಾರಿಯನ್ನು ಹೆಚ್ಚಾಗಿ ತುಳಿಯಲಿಲ್ಲ.

5. ರಟ್ಲೆಜ್ ಮತ್ತು ಕೆಲ್ಲಿ: ಶೃಂಗಾರ, ಅಣಕ, ಸೋಲು

ದಕ್ಷಿಣ ಕೆರೊಲಿನಾದ ಆರ್ಚಿಬಾಲ್ಡ್ ರಟ್ಲೆಜ್ 1934ರಲ್ಲಿ ಆ ರಾಜ್ಯದ ಮೊದಲ ಆಸ್ಥಾನಕವಿಯಾಗಿ ನೇಮಕಗೊಂಡವನು. ಟರ್ಕಿ ಬೇಟೆಯ ಬಗ್ಗೆ ಅವನು ಬರೆದ ಪ್ರಬಂಧಗಳು ಇಂದಿಗೂ ಓದುಗರನ್ನು ಉಳಿಸಿಕೊಂಡಿವೆ. ತನ್ನ ಮರದ ಪೆಟ್ಟಿಗೆಗೆ ಅವನಿಟ್ಟ ಹೆಸರು ‘ಮಿಸ್ ಸೆಡಕ್ಷನ್’, ಎಂದರೆ ಮೋಹಿನಿ. ಈ ನಾಮಕರಣ ಕೇವಲ ವಿನೋದವಲ್ಲ. ಕೊಲ್ಲುವ ಕೈ ಗಂಡಸಿನದು, ಸೆಳೆಯುವ ಪಾಪ ಮಾತ್ರ ಹೆಣ್ಣಿನದು ಎಂಬ ಹಳೆಯ ಹಂಚಿಕೆ ಅದರಲ್ಲಿದೆ. ಭಸ್ಮಾಸುರನ ಕತೆ ಬಲ್ಲ ಕನ್ನಡ ಓದುಗರಿಗೆ ಈ ವೇಷಾಂತರ ಅಪರಿಚಿತವಲ್ಲ. ವ್ಯತ್ಯಾಸವೆಂದರೆ ಅಲ್ಲಿ ಮೋಹಿನಿಗೆ ಮರುಳಾದವನು ಲೋಕಕಂಟಕ. ಇಲ್ಲಿ ಮರುಳಾಗುವ ಹುಂಜ ಯಾರಿಗೂ ಕೇಡು ಬಗೆದುದಲ್ಲ.

ರಟ್ಲೆಜ್‌ನ ಗದ್ಯದಲ್ಲಿ ಪ್ರಕೃತಿವರ್ಣನೆಯ ಸೊಗಸಿದೆ. ಸೈಪ್ರಸ್ ಮರಗಳ ಜೌಗುಕಾಡು, ನಸುಕಿನ ಮಂಜು, ನದಿಯಂಚಿನ ನಿಶ್ಶಬ್ದ ಓದುಗನ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಆ ಕಾಡು ಅವನ ಮನೆತನದ ಹ್ಯಾಂಪ್ಟನ್ ಪ್ಲಾಂಟೇಶನ್ನಿನದು. ಗುಲಾಮರ ದುಡಿಮೆಯಿಂದ ಭತ್ತ ಬೆಳೆದ ನೆಲ ಅದು. ಅವನ ಪ್ರಬಂಧಗಳಲ್ಲಿ ಕಪ್ಪು ಜನರು ನಿಷ್ಠ ಸಂಗಾತಿಗಳಾಗಿ, ದಾರಿ ತೋರುವವರಾಗಿ ಬರುತ್ತಾರೆ. ಹಕ್ಕಿಯ ಜಾಡನ್ನೂ ದನಿಯನ್ನೂ ಬಲ್ಲ ಅವರ ಜ್ಞಾನ ಮಾತ್ರ ಒಡೆಯನ ಅನುಭವಕಥನದೊಳಗೆ ಕರಗಿಹೋಗುತ್ತದೆ. ಹುಂಜದ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ ಗದ್ಯ ಪಕ್ಕದಲ್ಲೇ ಕುಳಿತ ಮನುಷ್ಯನ ಮಾತನ್ನು ಒಡೆಯನ ಕಿವಿಯಿಂದಲೇ ಕೇಳಿತು ಎಂಬುದು ಈ ಪರಂಪರೆಯ ದೊಡ್ಡ ಮಿತಿ.

ಅಲಬಾಮಾದ ಅರಣ್ಯಾಧಿಕಾರಿ ಟಾಮ್ ಕೆಲ್ಲಿಯ ‘ಟೆಂತ್ ಲೀಜನ್’ 1973ರಲ್ಲಿ ಬಂತು. ಸೀಸರನ ಹತ್ತನೆಯ ಸೇನಾದಳದ ಹೆಸರನ್ನು ಟರ್ಕಿ ಬೇಟೆಗಾರರ ಹುಚ್ಚು ಪಂಥಕ್ಕೆ ಇಟ್ಟು ಕೆಲ್ಲಿ ಒಂದು ಅಣಕ ಮಹಾಕಾವ್ಯದ ಧಾಟಿಯನ್ನು ಹಿಡಿಯುತ್ತಾನೆ. ಶೃಂಗಾರದ ಜಾಗದಲ್ಲಿ ಯುದ್ಧ ಬರುತ್ತದೆ, ಆದರೆ ಅದು ತನ್ನನ್ನೇ ಗೇಲಿ ಮಾಡಿಕೊಳ್ಳುವ ಯುದ್ಧ. ನಸುಕಿಗೆ ಮೊದಲೇ ಎದ್ದು, ಕೆಸರು ತುಳಿದು, ಕೈಯಲ್ಲೊಂದು ಕಲ್ಲಿನ ತುಂಡು ಹಿಡಿದು ಹೇಂಟೆಯಂತೆ ಕೂಗುವ ನಡುವಯಸ್ಸಿನ ಗೃಹಸ್ಥ, ಅವನನ್ನು ಕಡೆಗಣಿಸಿ ಬೇರೆ ದಿಕ್ಕಿಗೆ ನಡೆದುಹೋಗುವ ಹುಂಜ: ಈ ಚಿತ್ರದಲ್ಲಿ ವೀರನಾರೆಂಬುದು ಓದುಗನಿಗೆ ಸ್ಪಷ್ಟ. ಕೆಲ್ಲಿಯ ಮೆಚ್ಚತಕ್ಕ ಗುಣವೆಂದರೆ ಸೋಲನ್ನು ಅವನು ಅಲಂಕಾರವಾಗಿ ಬಳಸದಿರುವುದು. ಎಲ್ಲಿ ಕೈ ಅಲುಗಿತು, ಎಲ್ಲಿ ಒಂದು ಕರೆ ಹೆಚ್ಚಾಯಿತು, ಎಲ್ಲಿ ನಿಜವಾದ ಹೇಂಟೆ ಬಂದು ಹುಂಜವನ್ನು ಕರೆದೊಯ್ದಿತು ಎಂಬ ವಿವರಗಳಲ್ಲಿ ಅವನ ಗದ್ಯ ನಿಖರವಾಗಿದೆ.

ಇಂಥ ಸೋಲಿನ ಕಥನಗಳಿಂದಲೇ ಈ ಬೇಟೆಯನ್ನು ಸಮರ್ಥಿಸುವ ಮುಖ್ಯ ವಾದವೂ ಹುಟ್ಟಿದೆ: ಹಕ್ಕಿಗೆ ನಿರಾಕರಿಸುವ ಅವಕಾಶವಿದೆ, ಆದ್ದರಿಂದ ಇದು ನ್ಯಾಯವಾದ ಬೇಟೆ. ಈ ವಾದ ಅರ್ಧಸತ್ಯ. ಹುಂಜ ನಿರಾಕರಿಸಬಲ್ಲದು ನಿಜ. ಆದರೆ ತಾನು ನಿರಾಕರಿಸುತ್ತಿರುವುದು ಏನನ್ನು ಎಂಬುದು ಅದಕ್ಕೆ ಗೊತ್ತಿಲ್ಲ. ಬರುವ ಹುಂಜ ಸಾವನ್ನು ಒಪ್ಪಿ ಬರುವುದಿಲ್ಲ, ಬಾರದ ಹುಂಜ ಸಾವನ್ನು ಗೆದ್ದೆನೆಂದು ತಿಳಿಯುವುದೂ ಇಲ್ಲ. ಪಂದ್ಯದ ನಿಯಮ ಒಬ್ಬನಿಗೆ ಮಾತ್ರ ತಿಳಿದಿರುವಾಗ ಅದನ್ನು ಪಂದ್ಯ ಎನ್ನುವುದು ಕಷ್ಟ.

6. ವಿಲಿಯಮ್ಸ್ ಮತ್ತು ಹಟ್ಟೋ: ಕಲಿತ ಮಾತಿನ ಹೊಣೆ

ಟರ್ಕಿಗೆ ದನಿ ಎಂದರೇನು ಎಂಬುದರ ಬಗ್ಗೆ ವಿಜ್ಞಾನ ಹೇಳಿರುವ ಒಂದು ಸಂಗತಿಯನ್ನು ಇಲ್ಲಿ ಪರಿಗಣಿಸಬೇಕು. ವೋಲ್ಫ್‌ಗಾಂಗ್ ಶ್ಲೈಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಿವುಡಾಗಿಸಿದ ಟರ್ಕಿ ಹೇಂಟೆಗಳು ತಾವೇ ಕಾವು ಕೊಟ್ಟು ಒಡೆದ ಮರಿಗಳನ್ನು ಕುಕ್ಕಿ ಕೊಂದವು. ಮರಿಯ ಚಿಲಿಪಿಲಿ ಕೇಳಿಸದೆ ಹೋದಾಗ ಅದು ತಾಯಿಗೆ ಮರಿಯಾಗಿ ಕಾಣದೆ ಗೂಡಿಗೆ ನುಗ್ಗಿದ ವೈರಿಯಾಗಿ ಕಂಡಿತು. ಎಂದರೆ ಈ ಹಕ್ಕಿಗೆ ನಂಟಿನ ಗುರುತೇ ದನಿ. ಯಾರು ತನ್ನವರು, ಯಾರು ಹೊರಗಿನವರು ಎಂಬುದನ್ನು ಅದು ಮುಖ್ಯವಾಗಿ ಕಿವಿಯಿಂದ ತೀರ್ಮಾನಿಸುತ್ತದೆ. ಹಾಗಾದರೆ ಸುಳ್ಳುಕರೆ ಮುಟ್ಟುವುದು ಅದರ ಚಾಪಲ್ಯವನ್ನಲ್ಲ, ಅದರ ಬಾಳಿನ ಬುಡವನ್ನೇ. ಕಿವಿಗೆ ಸೋತ ಜಿಂಕೆಯನ್ನು ಹಳಿಯುವ ಹಳೆಯ ದೃಷ್ಟಾಂತದ ಮರುಪರಿಶೀಲನೆಗೆ ಇದೊಂದು ಕಾರಣವಾಗಬೇಕು.

ಫ್ಲಾರಿಡಾದ ಜೀವಿವಿಜ್ಞಾನಿ ಲವೆಟ್ ವಿಲಿಯಮ್ಸ್ 1984ರಲ್ಲಿ ಕಾಡು ಟರ್ಕಿಯ ದನಿ ಮತ್ತು ಪದಸಂಪತ್ತನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದ. ಕಾಡಿನಲ್ಲೇ ಧ್ವನಿಮುದ್ರಿಸಿದ ಇಪ್ಪತ್ತಕ್ಕೂ ಹೆಚ್ಚು ಬಗೆಯ ಕರೆಗಳನ್ನು ಅವನು ಸಂದರ್ಭಸಹಿತ ವಿಂಗಡಿಸಿದ. ಬೇಟೆಗಾರರ ಬಾಯಿಮಾತಿನಲ್ಲಿದ್ದ ಜ್ಞಾನಕ್ಕೆ ನಿಘಂಟಿನ ರೂಪ ಬಂದದ್ದು ಇಲ್ಲಿ. ನಿಘಂಟು ಯಾರ ಪರವೂ ಅಲ್ಲ. ಅದನ್ನು ಹಿಡಿದು ಮರೆಯಲ್ಲಿ ಕೂರಲೂಬಹುದು, ಹಕ್ಕಿಯ ಲೋಕವನ್ನು ಹೊಗಲೂಬಹುದು.

ಎರಡನೆಯ ದಾರಿ ಹಿಡಿದವನು ಜೋ ಹಟ್ಟೋ. ಅವನ ‘ಇಲ್ಯುಮಿನೇಶನ್ ಇನ್ ದಿ ಫ್ಲಾಟ್‌ವುಡ್ಸ್’ 1995ರಲ್ಲಿ ಪ್ರಕಟವಾಯಿತು. 2011ರಲ್ಲಿ ಅದನ್ನು ಆಧರಿಸಿದ ದೂರದರ್ಶನ ಚಿತ್ರವೂ ಬಂತು. ಕಾಡು ಟರ್ಕಿಯ ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು, ಮರಿಗಳು ಇನ್ನೂ ಚಿಪ್ಪಿನೊಳಗಿರುವಾಗಲೇ ಅವುಗಳೊಡನೆ ಮೆಲ್ಲಗೆ ಮಾತಾಡಿ, ಹೊರಬಂದ ಮೇಲೆ ತಾನೇ ಅವುಗಳ ತಾಯಾಗಿ ಹಟ್ಟೋ ತಿಂಗಳುಗಟ್ಟಲೆ ಫ್ಲಾರಿಡಾದ ಪೈನ್ ಕಾಡಿನಲ್ಲಿ ಅಲೆದ. ಬೇಟೆಗಾರನಿಗೆ ತಿಳಿದಿರುವ ಪದಗಳು ಹೆಚ್ಚಾಗಿ ಕೂಟಕ್ಕೂ ಗುಂಪುಗೂಡುವುದಕ್ಕೂ ಸಂಬಂಧಿಸಿದವು. ಹಟ್ಟೋ ಕೇಳಿದ್ದು ಇಡೀ ದಿನದ ಮಾತು: ಹಾವನ್ನು ಕಂಡಾಗಿನದು, ಗಿಡುಗನ ನೆರಳು ಬಿದ್ದಾಗಿನದು, ಬಿಸಿಲಿಗೆ ಮೈಯೊಡ್ಡಿ ಮಲಗಿದಾಗಿನದು. ಕರೆದವನೇ ಇಲ್ಲಿ ಕಾಯಬೇಕಾದವನು. ಕರೆಗೆ ಓಗೊಟ್ಟು ಬಂದ ಮರಿಗೆ ಅವನು ಮೇವು, ರಕ್ಷಣೆ, ಸಾಂಗತ್ಯವನ್ನು ಕೊಡಬೇಕು. ಮಾತೆಂದರೆ ಮಾತು ಕೊಡುವುದೂ ಹೌದು ಎಂಬ ಕನ್ನಡದ ನುಡಿಗಟ್ಟಿನ ಅರ್ಥ ಈ ಕೃತಿಗೆ ಚೆನ್ನಾಗಿ ಹೊಂದುತ್ತದೆ.

ಹಾಗೆಂದು ಹಟ್ಟೋನ ಕೃತಿ ಸಂಪೂರ್ಣ ನಿರ್ದೋಷಿ ಎನ್ನಲಾಗದು. ತಾಯಿಯ ಬದಲಿಗೆ ಮನುಷ್ಯ ಬಂದು ನಿಂತದ್ದೂ ಒಂದು ಬಗೆಯ ದೀವವೇ. ಆ ಮರಿಗಳಿಗೆ ಸಿಕ್ಕ ತಾಯಿ ಮರವೇರಿ ಮಲಗಲಾರದವನು, ಹಾರಲಾರದವನು. ಅವು ಬೆಳೆದು ಒಂದೊಂದಾಗಿ ಕಾಡು ಸೇರಿ ದೂರವಾದಾಗ ಉಳಿಯುವ ಖಾಲಿತನವನ್ನು ಹಟ್ಟೋ ಮರೆಮಾಚುವುದಿಲ್ಲ. ಆಡುಬಾನ್ ಬಿಟ್ಟುಹೋದ ಬಿರುಕನ್ನು ತೆರೆದೇ ಇಟ್ಟು ಬರೆದ ಪ್ರಾಮಾಣಿಕತೆ ಅದು.

7. ಒಂದು ಹೋಲಿಕೆ: ಹುಲಿಯನ್ನು ಕರೆದವರು

ಕರೆದು ಹೊಡೆಯುವ ಬೇಟೆಯ ಕಥನ ಭಾರತದ ಓದುಗರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಹುಲಿಯ ಮೂಲಕ. 1944ರಲ್ಲಿ ಪ್ರಕಟವಾದ ಜಿಮ್ ಕಾರ್ಬೆಟ್‌ನ ಕುಮಾವೂನಿನ ನರಭಕ್ಷಕಗಳ ಕೃತಿಯ ಥಾಕ್ ಪ್ರಸಂಗದಲ್ಲಿ, 1938ರ ನವೆಂಬರ್ 30ರ ಸಂಜೆ, ಕಾರ್ಬೆಟ್ ಗಂಡುಹುಲಿಯಂತೆ ಕೂಗಿ ಹೆಣ್ಣುಹುಲಿಯನ್ನು ಹತ್ತಿರಕ್ಕೆ ಕರೆಯುತ್ತಾನೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ಜವಳಗಿರಿಯ ಹೆಣ್ಣುಹುಲಿಯನ್ನು ಹೀಗೆಯೇ ಕರೆದದ್ದುಂಟು. ಆಂಡರ್ಸನ್‌ನ ಬೇಟೆಯ ಕಥನಗಳು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಿಂದ ಕನ್ನಡದ ಮನೆಮಾತಾದವು.

ಹುಲಿಯ ಪ್ರಸಂಗಕ್ಕೂ ಟರ್ಕಿಯ ಪ್ರಸಂಗಕ್ಕೂ ತಂತ್ರ ಒಂದೇ, ರಸ ಬೇರೆ. ನರಭಕ್ಷಕವನ್ನು ಕರೆದವನು ತನ್ನನ್ನೇ ಪಣಕ್ಕಿಡುತ್ತಾನೆ. ಬಂದದ್ದು ಅವನನ್ನು ಕೊಲ್ಲಬಲ್ಲದು. ಅಲ್ಲದೆ ಊರಿನ ಜನರ ಜೀವದ ಪ್ರಶ್ನೆ ಆ ಕರೆಯ ಹಿಂದಿದೆ. ಆದ್ದರಿಂದ ಭಯಾನಕ ಮತ್ತು ವೀರ ಅಲ್ಲಿ ಸಹಜವಾಗಿ ಒದಗುತ್ತವೆ, ವಂಚನೆಯ ಪ್ರಶ್ನೆ ಹಿಂದೆ ಸರಿಯುತ್ತದೆ. ಟರ್ಕಿಯ ಬೇಟೆಗಾರನಿಗೆ ಈ ಯಾವ ಆಸರೆಯೂ ಇಲ್ಲ. ಹುಂಜ ಬಾರದಿದ್ದರೆ ಅವನು ಮನೆಗೆ ಹೋಗಿ ಊಟ ಮಾಡುತ್ತಾನೆ, ಅಷ್ಟೇ. ಆ ಕಾರಣಕ್ಕಾಗಿಯೇ ಟರ್ಕಿಯ ಗದ್ಯದಲ್ಲಿ ಕರೆಯ ಪ್ರಶ್ನೆ ಹೆಚ್ಚು ಬೆತ್ತಲಾಗಿ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷ ಣಾ ಕಾಯಿದೆಯ ನಂತರ ಭಾರತದಲ್ಲಿ ಈ ವಿದ್ಯೆ ಓದಿನಲ್ಲಿ ಮಾತ್ರ ಉಳಿದಿದೆ. ಅಮೆರಿಕದಲ್ಲಿ ಅದು ಪ್ರತಿ ವಸಂತದಲ್ಲೂ ನಡೆಯುವ ಜೀವಂತ ರೂಢಿ.

8. ಉಪಸಂಹಾರ

ಈ ಬರಹಗಳ ಬೆಲೆಯನ್ನು ನಿರ್ಣಯಿಸುವಾಗ ಒಂದು ಚಾರಿತ್ರಿಕ ಸಂಗತಿಯನ್ನು ಬದಿಗಿಡುವಂತಿಲ್ಲ. ಕಾಡಿನ ನಾಶ ಮತ್ತು ಕಡಿವಾಣವಿಲ್ಲದ ಬೇಟೆಯಿಂದ 20ನೆಯ ಶತಮಾನದ ಆರಂಭದ ಹೊತ್ತಿಗೆ ಕಾಡು ಟರ್ಕಿ ಹಲವು ರಾಜ್ಯಗಳಿಂದ ಅಳಿದುಹೋಗಿತ್ತು. ಕೋವಿ ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ಮೀಸಲಿಟ್ಟ 1937ರ ಕಾಯಿದೆ, 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಮೊದಲು ಬಳಕೆಗೆ ಬಂದ ಫಿರಂಗಿಬಲೆಯಿಂದ ಕಾಡಿನ ಹಕ್ಕಿಗಳನ್ನು ಹಿಡಿದು ಬೇರೆಡೆ ಬಿಡುವ ಕ್ರಮ, 1973ರಲ್ಲಿ ಬೇಟೆಗಾರರೇ ಸೇರಿ ಕಟ್ಟಿದ ರಾಷ್ಟ್ರೀಯ ಕಾಡು ಟರ್ಕಿ ಒಕ್ಕೂಟ, ಇವೆಲ್ಲದರ ಫಲವಾಗಿ 2000ದ ದಶಕದ ಹೊತ್ತಿಗೆ ಅದರ ಸಂಖ್ಯೆ 60 ಲಕ್ಷವನ್ನು ದಾಟಿತು. ಅದಕ್ಕೆ ಮೊದಲು ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ ಕಾಡಿಗೆ ಬಿಟ್ಟ ಹಕ್ಕಿಗಳು ಬದುಕುಳಿಯಲಿಲ್ಲ. ಅವುಗಳಿಗೆ ಕಾಡನ್ನು ಕಲಿಸುವ ತಾಯಿ ಇರಲಿಲ್ಲ. ಹಕ್ಕಿಯನ್ನು ಕೊಲ್ಲಲೆಂದು ಅದರ ಮಾತು ಕಲಿತವರೇ ಅದನ್ನು ಉಳಿಸುವುದಕ್ಕೂ ದುಡಿದರು ಎಂಬುದು ನಿರಾಕರಿಸಲಾಗದ ಸತ್ಯ. ಈಚಿನ ವರ್ಷಗಳಲ್ಲಿ ಆಗ್ನೇಯ ರಾಜ್ಯಗಳ ಹಲವೆಡೆ ಹಕ್ಕಿಯ ಸಂಖ್ಯೆ ಮತ್ತೆ ಇಳಿಮುಖವಾಗಿದೆ. ಕಾರಣಗಳ ಬಗ್ಗೆ ಚರ್ಚೆ ಮುಗಿದಿಲ್ಲ. ಕೂಟದ ಕಾಲ ಇನ್ನೂ ಎಳೆಯದಾಗಿರುವಾಗಲೇ ಪ್ರಬಲ ಹುಂಜಗಳನ್ನು ಕರೆದು ಹೊಡೆಯುವುದೂ ಒಂದು ಕಾರಣವಿರಬಹುದೆಂಬ ಶಂಕೆಯಿಂದ ಕೆಲವು ರಾಜ್ಯಗಳು ಬೇಟೆಯ ಋತುವನ್ನು ಮುಂದೂಡಿವೆ. ಕರೆಯ ನೈತಿಕ ಪ್ರಶ್ನೆ ಹೀಗೆ ಲೆಕ್ಕಾಚಾರದ ಪ್ರಶ್ನೆಯಾಗಿಯೂ ಮರಳಿದೆ.

ಒಟ್ಟಾರೆ ನೋಡಿದಾಗ, ಈ ಪರಂಪರೆಯಲ್ಲಿ ದುರ್ಬಲವಾಗಿರುವುದು ಗೆಲುವನ್ನು ಹಾಡುವ ಬರಹ. ಬಿದ್ದ ಹುಂಜದ ತೂಕ, ಅದರ ಎದೆಗೂದಲ ಉದ್ದ, ಹೊಡೆದ ದೂರ ಇವುಗಳನ್ನು ಎಣಿಸುವ ಪುಟಗಳಲ್ಲಿ ಹಕ್ಕಿಯೂ ಇಲ್ಲ, ಮನುಷ್ಯನೂ ಇಲ್ಲ. ಕರೆ ಹೊರಟು ಮರುದನಿ ಬಂದು, ಬರುವುದೋ ಬಾರದೋ ತಿಳಿಯದ ಆ ಅರ್ಧ ಗಂಟೆಯನ್ನು ಹಿಡಿದಿಟ್ಟ ಬರಹಗಳು ಮಾತ್ರ ಉಳಿಯುತ್ತವೆ. ಆ ಹೊತ್ತಿನಲ್ಲಿ ಬೇಟೆಗಾರ ತನ್ನ ಜೀವಮಾನದಲ್ಲೇ ಅತ್ಯಂತ ಎಚ್ಚರದಿಂದ ಮತ್ತೊಂದು ಜೀವಿಯನ್ನು ಆಲಿಸುತ್ತಿರುತ್ತಾನೆ. ಅಷ್ಟು ಆಲಿಸಿದವನು ಆಮೇಲೆ ಏನು ಮಾಡುತ್ತಾನೆ ಎಂಬಲ್ಲಿ ಆಡುಬಾನ್, ಜೋರ್ಡನ್, ರಟ್ಲೆಜ್, ಕೆಲ್ಲಿ, ಹಟ್ಟೋ ಬೇರೆಬೇರೆಯಾಗುತ್ತಾರೆ. ಗೋರಿ ಹಾಡಿದವನ ಬಗ್ಗೆ ನೀತಿಕಾವ್ಯಗಳು ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ಗದ್ಯ ಪರಂಪರೆ ಕೇಳುವಂತೆ ಮಾಡುತ್ತದೆ. ಅದಕ್ಕೆ ತಾನೇ ಪೂರ್ಣ ಉತ್ತರ ಕೊಡದಿದ್ದರೂ, ಜಿಂಕೆಯೊಬ್ಬಳನ್ನೇ ತಪ್ಪುಗಾರಳನ್ನಾಗಿ ನಿಲ್ಲಿಸುವ ದೃಷ್ಟಾಂತವನ್ನು ಮತ್ತೊಮ್ಮೆ ಓದುವಾಗ ಪೊದೆಯ ಮರೆಯಲ್ಲಿ ಕುಳಿತವನ ಕಡೆಗೂ ಓದುಗನ ಕಣ್ಣು ಹೊರಳುವಂತೆ ಮಾಡಿದೆ.